ಅಂಬುಬಾಯಿ ಮಟ್ಟ ಮಾಡಿದ ಅಂಗಳ

ಪಲ್ಲವಿಯ ಲಗ್ನ ಎಲ್ಲಿ ಮಾಡಬೇಕು ಅನ್ನುವ ಮಾತು ಅಣ್ಣಾರಾಯನ ಮನೆಯಲ್ಲಿ ಎದ್ದದ್ದು ಒಂದು ಭಾನುವಾರ ಮಧ್ಯಾಹ್ನ, ತಟ್ಟೆಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಿದ್ದ ಹೊತ್ತಿಗೆ. ರೊಟ್ಟಿ ಮುಗಿದವು, ಮಾತು ಮುಗಿಯಲಿಲ್ಲ.

"ಕರಜಗಿ ಬೀಗರು ಫೋನ್ ಮಾಡಿದ್ರು," ಅಂದ ಸತೀಶಕುಮಾರ. ಅಣ್ಣಾರಾಯನ ಮಗ, ಪಲ್ಲವಿಯ ಅಪ್ಪ. ಜೇವರ್ಗಿಯಲ್ಲಿ ಬಸ್ ಕಂಡಕ್ಟರ್. ವಾರಕ್ಕೊಮ್ಮೆ ತನ್ನೂರು ನಿಂಬರ್ಗಾಕ್ಕೆ ಬಂದರೆ ಉಣ್ಣುವುದಕ್ಕಿಂತ ಫೋನಿನಲ್ಲಿ ಮಾತಾಡುವುದೇ ಹೆಚ್ಚು. "ಆಳಂದದಾಗ ಒಂದು ಹಾಲ್ ಹಿಡೀರಿ ಅಂತಾರ. ನಿಮ್ಮ ಮನಿ ಮುಂದ ಬರೇ ತಗ್ಗು-ದಿನ್ನಿ, ಅಲ್ಲಿ ಮಂದಿ ಹೆಂಗ ಕೂಡ್ತಾರ ಅಂತ ಕೇಳಿದ್ರು."

"ಹಂಗಂದವರು ಯಾರು?" ಅವನ ತಾಯಿ ಅಂಬುಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಹುಡುಗನ ಸೋದರಮಾವ, ಶರಣಕುಮಾರ ಅಂತ. ಆ ಮನ್ಯಾಗ ಅವರ ಮಾತೇ ನಡೀತದ."

"ಅವರ ಮನ್ಯಾಗ ನಡೀಲಿ. ನನ್ನ ಅಂಗಳದಾಗ ಯಾಕ ನಡೀಬೇಕು?"

ಸಿಟ್ಟಿಗೆ ಕಾರಣವಿತ್ತು. ಅಂಬುಬಾಯಿಯ ಲಗ್ನ ಆದದ್ದು ಕೇರಿಯ ಹಾದಿಯ ಮೇಲೆ. ಅಕ್ಷತೆ ಬೀಳುವ ಹೊತ್ತಿಗೇ ಗೌಡರ ಬಂಡಿ ಬಂತು; ಕೂತವರೆಲ್ಲ ಎದ್ದು ಗೋಡೆಗೆ ಅಂಟಿ ನಿಂತರು, ಮದುಮಗಳೂ ಎದ್ದಳು. ಮಗನ ಲಗ್ನ ಈ ಮನೆಯ ಮುಂದೆಯೇ ಆಯಿತು, ಸುಳ್ಳಲ್ಲ. ಆದರೆ ಹಿಂದಿನ ದಿನ ಹೊಡೆದ ಮಳೆಗೆ ಎರೆಮಣ್ಣು ಕೆಸರಾಗಿ, ಬೀಗರು ಶಾಲೆಯ ಪಡಸಾಲೆಯಲ್ಲಿ ನಿಂತುಕೊಂಡೇ ಉಂಡುಹೋದರು. ಆ ನಿಂತು ಉಂಡ ಬೀಗರನ್ನು ಅಂಬುಬಾಯಿ ಇಪ್ಪತ್ತಮೂರು ವರ್ಷವಾದರೂ ಮರೆತಿಲ್ಲ. ಮೊಮ್ಮಗಳ ಲಗ್ನದಲ್ಲಾದರೂ ಮುನ್ನೂರು ಮಂದಿ ತನ್ನ ಅಂಗಳದಲ್ಲಿ ಸಾಲಾಗಿ ಕೂತು ಉಣ್ಣಬೇಕು ಅನ್ನುವುದೊಂದೇ ಆಕೆಯ ಹಟ.

ಪಲ್ಲವಿ ಅಫಜಲಪುರದ ಒಂದು ದವಾಖಾನೆಯಲ್ಲಿ ನರ್ಸ್. ಅವಳಿಗೂ ಫೋನ್ ಹಚ್ಚಿದರು.

"ಆಯೀ, ನಾ ಹುಟ್ಟಿದ ಅಂಗಳ ಬಿಟ್ಟು ಎಲ್ಲಿಗೂ ಬರಾಂಗಿಲ್ಲ," ಅಂದಳು ಹುಡುಗಿ ಅಜ್ಜಿಗೆ. "ಆದ್ರ ಕೆಸರಾಗ ನಿಲ್ಲಾಂಗಿಲ್ಲ, ನೋಡು ಮತ್ತ!"

ಕೊನೆಗೆ ಇಷ್ಟಕ್ಕೆ ಮಾತು ನಿಂತಿತು: ಮೂರು ವಾರ ಬಿಟ್ಟು ಶರಣಕುಮಾರ ಬಂದು ಜಾಗ ನೋಡುವುದು. ಅಂಗಳ ಅವರ ಕಣ್ಣಿಗೆ ಬಂದರೆ ಲಗ್ನ ಇಲ್ಲೇ. ಬರದಿದ್ದರೆ ಆಳಂದದ ಹಾಲ್.

"ಮೂರು ವಾರ ಯಾತಕ್ಕ? ಮೂರು ದಿನ ಸಾಕು," ಅಂದ ಅಣ್ಣಾರಾಯ, ಮೀಸೆ ಒರೆಸಿಕೊಳ್ಳುತ್ತ. "ಈ ಮನೀನೇ ಮೂರು ಬ್ಯಾಸಿಗ್ಯಾಗ ಒಬ್ನೇ ಕಟ್ಟೇನಿ. ಗೌಂಡಿ ಇಲ್ಲ, ಗುಂಡಿನ ದಾರ ಇಲ್ಲ. ನನ್ನ ಕಣ್ಣೇ ದಾರ!"

ಈ ಮಾತನ್ನು ಮನೆಯವರು ವಾರಕ್ಕೆ ಎರಡು ಸಲವಾದರೂ ಕೇಳುತ್ತಿದ್ದರು. ಸೊಸೆ ಪಂಚಶೀಲಾ ಸೆರಗು ಬಾಯಿಗೆ ಹಿಡಿದಳು. ಮುದುಕನ ಜಂಬದಲ್ಲಿ ಸುಳ್ಳಿರಲಿಲ್ಲ ಬಿಡಿ. ಮಂದಿಯ ಹೊಲದಲ್ಲಿ ನಲವತ್ತು ವರ್ಷ ನೇಗಿಲು ಹೊಡೆದವನು, ಅವನ ಸಾಲು ನೋಡಲು ಹಾದಿಯ ಮೇಲೆ ಹೋಗುವವರು ನಿಲ್ಲುತ್ತಿದ್ದರು. ಊರ ಹೊರಗೆ ಸಿಕ್ಕ ಪ್ಲಾಟಿನಲ್ಲಿ ಕಲ್ಲು ತಾನೇ ಹೊತ್ತು, ನೆಲಕ್ಕೆ ಫರಸಿ ತಾನೇ ಹಾಸಿ ಮನೆ ನಿಲ್ಲಿಸಿದ ಮೇಲೆ, ಆ ಮನೆಯ ಬಗ್ಗೆ ಯಾರೂ ಅವನ ಮುಂದೆ ಅರ್ಧ ಮಾತು ಆಡುವಂತಿರಲಿಲ್ಲ.

ಅಂಗಳವೋ, ದೇವರೇ ಗತಿ. ಹಳೆಯ ತಿಪ್ಪೆಗುಂಡಿ ಒಂದು ಕಡೆ, ಜಾಲಿಯ ಮೋಟು ಇನ್ನೊಂದು ಕಡೆ, ನಡುವೆ ಬಂಡಿಗಾಲಿಯ ಕೊರಕಲು. ಸಲಿಕೆ ಹಿಡಿದು ಕೂತರೆ ದೀಪಾವಳಿ ಹೋಗಿ ಯುಗಾದಿ ಬಂದೀತು. ಸತೀಶ ರಸೂಲನಿಗೆ ಹೇಳಿದ. ರಸೂಲನದು ಮಣ್ಣು ಉಳುವ ಒಂದು ಸಣ್ಣ ಟಿಲ್ಲರ್ ಮಷೀನು; ಕರಜಗಿಯ ಕಬ್ಬಿನ ಸಾಲಿನಿಂದ ಹಿಡಿದು ಆಳಂದದ ಹಿತ್ತಲುಗಳ ತನಕ ಟಂಟಂ ಆಟೋದಲ್ಲಿ ಹಾಕಿಕೊಂಡು ತಿರುಗುತ್ತಾನೆ. ಅವನ ತಾಯಿ ಶರೀಫಾಬಿ, ಅಂಬುಬಾಯಿ ಒಂದೇ ಸಾಲಿನಲ್ಲಿ ಕಳೆ ತೆಗೆದವರು, ಹಾಗಾಗಿ ಅಂಬುಬಾಯಿ ಅವನಿಗೆ ಮೌಸಿ, ಚಿಕ್ಕಮ್ಮ.

ಮಷೀನು ಬರುವ ಹಿಂದಿನ ದಿನವೇ ಮಳೆ ಬಿತ್ತು. ಅಂಬುಬಾಯಿ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಒಂದು ಹಿಡಿ ಮಣ್ಣು ಹಿಚುಕಿ ನೋಡಿದಳು. ಬೆರಳ ಸಂದಿಯಲ್ಲಿ ಬೆಣ್ಣೆಯ ಹಾಗೆ ಹೊರಬಂತು.

"ಇವತ್ತು ಬ್ಯಾಡ. ನಾಕು ದಿನ ಬಿಸಲು ಬೀಳ್ಲಿ. ಬೆದೆ ನೋಡಿ ಬಿತ್ತು, ಹದ ನೋಡಿ ಹರಗು ಅಂತ ಹಿರ್ಯಾರು ಸುಮ್ಕ ಅಂದಾರೇನು?"

"ಅವ್ವಾ, ನಂದು ರಜಾ ಇವತ್ತೊಂದೇ ದಿನ," ಅಂದ ಸತೀಶ. "ಅದು ಎತ್ತಲ್ಲ, ಮಷೀನು. ಅದಕ್ಯಾವ ಹದ?"

"ನೀ ರೊಟ್ಟಿ ಹದಾ ನೋಡು, ಮಣ್ಣಿನ ಹದಾ ನಾ ನೋಡ್ತೇನಿ," ಅಂದ ಅಣ್ಣಾರಾಯ.

ನೋಡಿದ. ಮಷೀನು ಹತ್ತು ಹೆಜ್ಜೆ ಹೋಗುವುದರೊಳಗೆ ಬ್ಲೇಡುಗಳಿಗೆ ಎರೆಮಣ್ಣು ಸುತ್ತಿಕೊಂಡು, ಟಿಲ್ಲರ್ ಹೋಗಿ ದೊಡ್ಡ ರಾಗಿಮುದ್ದೆ ಆಯಿತು. ಕುಡಗೋಲಿನಿಂದ ಕೆರೆಯುವುದು, ನಾಕು ಹೆಜ್ಜೆ ಹೊಡೆಯುವುದು, ಮತ್ತೆ ಕೆರೆಯುವುದು. ಸಂಜೆಗೆ ಸತೀಶ ಬೆನ್ನು ಹಿಡಿದುಕೊಂಡು ಜೇವರ್ಗಿ ಬಸ್ ಹತ್ತಿದ. ಎರಡು ದಿನದ ಬಿಸಿಲಿಗೆ ಆ ಮಣ್ಣೆಲ್ಲ ಕಲ್ಲಿನಂಥ ಹೆಂಟೆ ಕಟ್ಟಿತು. ಒಡೆದವರು ಯಾರು? ಅತ್ತೆ ಸೊಸೆ, ಇಬ್ಬರೂ ಮರದ ಕೊಡತಿ ಹಿಡಿದು, ಮೂರು ಸಂಜೆ.

"ಅತ್ತಿ, ನೀವು ಬ್ಯಾಡ ಅಂದಿದ್ರಿ. ಜಗಳಾ ಮಾಡಿ ನಿಲ್ಲಿಸಬೇಕಿತ್ತಲ್ಲ?" ಅಂದಳು ಪಂಚಶೀಲಾ, ಕೊಡತಿ ಎತ್ತುತ್ತ.

"ನಲವತ್ತು ವರ್ಷ ಅವರ ನೇಗಿಲ ಹಿಂದ ಹೆಂಟಿ ಒಡದೇನಿ ಬೇ. ಯಾವ ದಿನಾನೂ ನನ್ನ ಮಾತು ಕೇಳಿ ನೇಗಿಲು ಹೂಡಿಲ್ಲ. ಈಗ ಕೇಳ್ತಾರೇನು?"

ನಾಲ್ಕನೆಯ ದಿನ ಪಂಚಶೀಲಾ ಪೈಪಿನಿಂದ ನೀರು ಚಿಮುಕಿಸಿದಳು, ಒಂದು ದಿನ ಆರಲು ಬಿಟ್ಟರು. ಅಂಬುಬಾಯಿ ಮತ್ತೆ ಮಣ್ಣು ಹಿಚುಕಿದಳು. ಉಂಡೆ ಕಟ್ಟಿತು, ಬೊಟ್ಟಿನಿಂದ ತಟ್ಟಿದರೆ ಉದುರಿತು. "ಹೂಂ, ಈಗ ರಸೂಲಗ ಹೇಳ್ರಿ," ಅಂದಳು.

ರಸೂಲ ಮೊದಲು ಉದ್ದಕ್ಕೆ ಮೇಲಮೇಲೆ ಹೊಡೆದ, ಆಮೇಲೆ ಅಡ್ಡಕ್ಕೆ ಆಳವಾಗಿ. ಮಣ್ಣು ರವೆಯ ಹಾಗೆ ಬಿತ್ತು. ಅಣ್ಣಾರಾಯನಿಗೆ ಹುರುಪು ಏರಿತು. ಇನ್ನು ಮಟ್ಟ ಮಾಡುವ ಕೆಲಸ ತನ್ನದು ಅಂದ. ಮನೆಯ ಪಾಯದ ಕಲ್ಲಿನ ಸಾಲಿಗೆ ಕಣ್ಣು ಹಚ್ಚಿ, "ಈ ಸಾಲಿನಿಂದ ಗೇಣು ಕೆಳಗ, ಎಲ್ಲಾ ಕಡಿ ಬರೋಬ್ಬರಿ ಗೇಣು!" ಅಂತ ಮಣ್ಣು ಸಮ ಮಾಡುವ ಕೊರಡು ಎಳೆಸಿದ.

ಅಂಬುಬಾಯಿ ಗಾಬರಿಯಾದಳು. ಯಾಕೆಂದರೆ ಆ ಪಾಯದ ಸಾಲು ನೆಟ್ಟಗಿರಲಿಲ್ಲ. ಎರೆಮಣ್ಣಿನ ಮೇಲೆ ಕಟ್ಟಿದ ಮನೆ. ಕಟ್ಟಿದ ಎರಡನೆಯ ಮಳೆಗಾಲದಲ್ಲೇ ಅಡುಗೆಮನೆಯ ಮೂಲೆ ನಾಲ್ಕು ಬೊಟ್ಟು ಕುಸಿದಿತ್ತು. ತಟ್ಟೆಗೆ ಬೇಳೆ ಹಾಕಿದರೆ ಒಂದೇ ಕಡೆ ಓಡುತ್ತಿತ್ತು. ಆಕೆ ಬಾಯಿ ಬಿಡಲಿಲ್ಲ. ಗಂಡ ಮಲಗುವ ಹೊರಸಿನ ಕಾಲಿಗೆ ಹಂಚಿನ ಚೂರು ಇಟ್ಟಳು, ಒಲೆಗೆ ಒಂದು ಕಡೆ ಮಣ್ಣು ಏರಿಸಿ ಮೆತ್ತಿದಳು, ಹಿಟ್ಟಿನ ಡಬ್ಬಿಯ ಕೆಳಗೆ ಕಟ್ಟಿಗೆ ಇಟ್ಟಳು. ಮೂವತ್ತು ವರ್ಷ ಆ ಮನೆಯನ್ನು ಗಂಡನ ಕಣ್ಣಿಗೆ ನೆಟ್ಟಗೆ ತೋರಿಸಿದಳು, ಪುಣ್ಯಾತಗಿತ್ತಿ. ಈಗ ಅದೇ ಸೊಟ್ಟ ಸಾಲು ಹಿಡಿದು ಅಂಗಳ ಮಾಡಿದರೆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಆಕೆಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೇಳಿದರೆ ಗಂಡನ ಮುಖ ಬೀಳುತ್ತದೆ, ಹೇಳದಿದ್ದರೆ ಲಗ್ನ ಹಾಲಿಗೆ ಹೋಗುತ್ತದೆ.

ಹೇಳುವ ಮೊದಲೇ ನೀರು ಹೇಳಿತು. ಕೊರಡು ಎಳೆದು, ತುಳಿದು ಗಟ್ಟಿ ಮಾಡಿ ಮುಗಿಸಿದ ಮರುದಿನ ಪಂಚಶೀಲಾ ಪೈಪು ಬಿಟ್ಟಳು. ನೀರು ಸುಮ್ಮನೆ ಒಂದು ಗಳಿಗೆ ನಿಂತಿತು, ಆಮೇಲೆ ಸರಸರನೆ ಅಡುಗೆಮನೆಯ ಮೂಲೆಗೆ ಹರಿದು ಗೋಡೆಗೆ ಬಡಿದು ನಿಂತಿತು.

"ಮಾವ, ಇಳಿಜಾರು ಮನಿ ಕಡೀಗೇ ಬಂದದ್ರಿ," ಅಂದಳು ಪಂಚಶೀಲಾ.

"ನೀ ಪೈಪು ಹಂಗ ಹಿಡದೀದಿ."

ಪಂಚಶೀಲಾ ಉದ್ಯೋಗ ಖಾತ್ರಿ ಕೆಲಸದಲ್ಲಿ ಗುಂಪಿನ ಅಳತೆ ನೋಡುವವಳು. ಒಳಗೆ ಹೋಗಿ ತನ್ನ ಮಟ್ಟದ ಪೈಪು ತಂದಳು. ಉದ್ದನೆಯ ಪಾರದರ್ಶಕ ಪೈಪು, ಒಳಗೆ ನೀರು. ಎರಡೂ ತುದಿ ಎರಡು ಕಡೆ ಎತ್ತಿ ಹಿಡಿದರೆ ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದಕ್ಕೆ ಮಾವನ ಭಯ ಇಲ್ಲ, ಅತ್ತೆಯ ಮುಲಾಜಿಲ್ಲ. ಒಂದು ತುದಿ ತಲೆಬಾಗಿಲ ಹತ್ತಿರ, ಇನ್ನೊಂದು ಅಡುಗೆಮನೆಯ ಮೂಲೆಗೆ ಹಿಡಿದರು.

"ನಾಕು ಬೊಟ್ಟು ಫರಕ್ ಅದ, ಮಾವ. ಪಾಯದ ಕಲ್ಲೇ ಕೆಳಗ ಕುಂತದ."

"ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ!" ಅಣ್ಣಾರಾಯ ಪೈಪು ಕಸಿದು ಎಸೆದ. "ಮೂವತ್ತು ವರ್ಷ ಆತು, ಈ ಮನಿ ಕೂದಲಷ್ಟು ಅಲಗ್ಯಾಡಿಲ್ಲ. ನಿನ್ನ ರಬ್ಬರ್ ನಳಗಿ ನನಗ ಹೇಳ್ತದೇನು? ಕೇಳ್ರಿ ಬೇಕಾದ್ರ ಇಕೀನ್ನ! ಏ, ಹೇಳು, ನಮ್ಮ ಮನಿ ಡೊಂಕದೇನು?"

ಸೊಸೆ ಅತ್ತೆಯ ಮುಖ ನೋಡಿದಳು. ಅಂಬುಬಾಯಿ ನೆಲ ನೋಡಿದಳು. ಶಾಲೆಯ ಪಡಸಾಲೆ ಕಣ್ಣಿಗೆ ಬಂತು, ಕೈಯಲ್ಲಿ ತಟ್ಟೆ ಹಿಡಿದು ನಿಂತ ಬೀಗರು.

"ಹೌದ್ರಿ," ಅಂದಳು. "ಡೊಂಕದ."

"ಏನಂದಿ?"

"ಸತೀಶ ಸಾಲ್ಯಾಗ ಆರನೇತ್ತೆ ಇದ್ದಾಗಿಂದ ಡೊಂಕದ. ನಿಮ್ಮ ಹೊರಸಿನ ಕಾಲ ಕೆಳಗ ಬಗ್ಗಿ ನೋಡ್ರಿ, ಹಂಚಿನ ಚೂರು ಇಟ್ಟೇನಿ. ನಿಮಗ ಬ್ಯಾಸರ ಆಗ್ತದಂತ ಹೇಳಿರಲಿಲ್ಲ."

ಅಣ್ಣಾರಾಯ ಒಳಗೆ ಹೋದ. ಬಗ್ಗಿ ನೋಡಿದನೋ ಇಲ್ಲವೋ, ಹೊರಗೆ ಬಂದಾಗ ಮುಖ ಬೂದಿಯಾಗಿತ್ತು. "ಮೂವತ್ತು ವರ್ಷ ನನ್ನ ನೋಡಿ ನಕ್ಕೀದಿ," ಅಂದ.

"ಒಂದು ದಿನ ನಕ್ಕಿಲ್ರಿ," ಅಂದಳು ಅಂಬುಬಾಯಿ. ಅವನು ಕೇಳಿಸಿಕೊಳ್ಳದೆ ಹೆಗಲಿಗೆ ಟವೆಲ್ ಹಾಕಿಕೊಂಡು ಹೋದ.

ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಮುಂಜಾನೆ ಎದ್ದವನೇ ಬುದ್ಧವಿಹಾರದ ಕಟ್ಟೆಗೆ ಹೋಗಿ ಕೂರುವುದು, ಹೊಟೇಲಿನಲ್ಲಿ ಚಹಾ, ಬಜಿ. ಕತ್ತಲಾದ ಮೇಲೆ ಬಂದು ಗೋಡೆಗೆ ಮುಖ ಮಾಡಿ ಮಲಗುವುದು. ಅಂಬುಬಾಯಿ ಅವನ ಪಾಲಿನ ರೊಟ್ಟಿ ಬಡಿದು ಮುಚ್ಚಿಡುವುದು ಬಿಡಲಿಲ್ಲ. ಸತೀಶ ಜೇವರ್ಗಿಯಿಂದ ಫೋನ್ ಮಾಡಿ, "ಅವ್ವಾ, ಹೋಗ್ಲಿ ಬಿಡು, ಹಾಲ್ ಹಿಡಿಯೋಣು. ಅಪ್ಪನ ಮನಸು ಯಾಕ ಮುರೀಬೇಕು?" ಅಂದ.

"ಮುರಿಯೋದು ಮುರದದ. ಇನ್ನ ಅಂಗಳಾನೂ ಬಿಟ್ರ ಎರಡೂ ಹೋಗ್ತಾವ," ಅಂತ ಆಕೆ ಫೋನಿಟ್ಟಳು.

ಭಾನುವಾರ ರಸೂಲ ಮಷೀನು ತಂದ. ತಂದವನೇ ಕೈ ತೊಳೆದುಕೊಂಡು ನಿಂತ: "ಮೌಸಿ, ನಂಗ ಆಳಂದಕ್ಕ ಹೋಗೋದದ, ಟಂಟಂ ಸಾಮಾನು ತರಬೇಕು. ಮಷೀನು ಸಂಜೀತನಕ ಇಲ್ಲೇ ಇರ್ತದ, ಸತೀಶಣ್ಣಗ ಹೊಡೀಲಿಕ್ಕ ಹೇಳ್ರಿ. ನಾಳೆ ಕರಜಗಿಗಿ ಹೋದ್ರ ಹದಿನೈದು ದಿನ ಬರಾಂಗಿಲ್ಲ."

"ಸತೀಶಗ ಇವತ್ತು ಡ್ಯೂಟಿ ಅದ." ಅಂಬುಬಾಯಿ ಮಷೀನಿನ ಹಿಡಿಕೆ ನೋಡಿದಳು. ಎರಡು ಹಿಡಿಕೆ, ನೇಗಿಲಿಗಿಂತ ಒಂದು ಹೆಚ್ಚು. "ನನಗ ಕಲಸು."

ರಸೂಲ ನಕ್ಕ. ಆಕೆ ನಗಲಿಲ್ಲ. ಅವನೂ ನಿಲ್ಲಿಸಿದ.

"ಹೆಣ್ಮಕ್ಕಳು ನೇಗಿಲು ಹಿಡದ್ರ ಮಳಿ ಹೋಗ್ತದ ಅಂತಾರಲ್ಲ, ಮೌಸಿ?"

"ಲಗ್ನ ಮುಗಿಯೋತನಕ ಹೋಗ್ಲಿ ಬಿಡೋ, ಚಲೋನೇ ಆತು!"

ಪಂಚಶೀಲಾ ಬಿದ್ದು ಬಿದ್ದು ನಕ್ಕಳು. ರಸೂಲ ಕಲಿಸಿದ. "ನೂಕಬ್ಯಾಡ್ರಿ, ಅದೇ ಎಳೀತದ. ನೀವು ಒತ್ತಿ ಹಿಡೀರಿ ಸಾಕು. ಬ್ಯಾಡಾದಾಗ ಈ ಕ್ಲಚ್ ಬಿಡ್ರಿ, ನಿಲ್ತದ. ಕಾಲು ಮಾತ್ರ ಹಿಂದ ಇರ್ಲಿ." ಮೂರು ಸುತ್ತು ಜೊತೆಗೆ ನಡೆದು, ನಾಲ್ಕನೆಯ ಸುತ್ತಿಗೆ ಕೈಬಿಟ್ಟ. ಮಷೀನು ಒಂದು ಸಲ ಹೋರಿಯ ಹಾಗೆ ಕೊಸರಿತು. ಅಂಬುಬಾಯಿ ಬಿಡಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು, ತಲೆಗೆ ಟವೆಲ್ ಸುತ್ತಿದ್ದಳು, ಹಲ್ಲು ಕಚ್ಚಿದ್ದಳು. ಅರವತ್ತೆರಡು ವರ್ಷದ ತೋಳು, ಆದರೂ ಹಿಡಿಕೆ ಹೊಯ್ದಾಡಲಿಲ್ಲ. ಗಟ್ಟಿಯಾಗಿ ಕೂತಿದ್ದ ಮಣ್ಣು ಕಾಲ ಮುಂದೆ ಒಡೆದು ಪುಡಿಯಾಗಿ ಬೀಳುವುದನ್ನು ನೋಡಿ ಆಕೆಗೆ ಹಿಗ್ಗು ತಡೆಯಲಾಗಲಿಲ್ಲ. ನಲವತ್ತು ವರ್ಷ ಮಂದಿ ಉತ್ತ ಮಣ್ಣಿನ ಹಿಂದೆ ನಡೆದವಳು, ಇವತ್ತು ತಾನು ಮುಂದೆ ನಡೆದಿದ್ದಳು.

"ಪಂಚಶೀಲಾ! ನೋಡಾಕತ್ತೀಯೇನು ಬೇ?"

"ನೋಡಾಕತ್ತೇನ್ರೀ ಅತ್ತಿ! ಮೊಬೈಲ್‌ದಾಗ ವಿಡಿಯೋನೂ ಮಾಡಾಕತ್ತೇನಿ!"

ಪಂಚಶೀಲಾ ಪೈಪಿನ ಮಟ್ಟ ಹಿಡಿದು ಗೂಟ ನೆಟ್ಟಿದ್ದಳು. ರಸ್ತೆಯ ಕಡೆಗೆ ಒಂದು ಬೊಟ್ಟು ಇಳಿತ, ಮನೆಯ ಕಡೆಗೆ ಇಲ್ಲವೇ ಇಲ್ಲ. ಅಡುಗೆಮನೆಯ ಮೂಲೆಗೆ ಮಣ್ಣು ಏರಬೇಕು. ಅಲ್ಲಿ ತಿರುಗಿಸುವಾಗ ಮಾತ್ರ ಮಷೀನು ಅಂಬುಬಾಯಿಯ ಮಾತು ಕೇಳಲಿಲ್ಲ. ಒಂದು ಸಲ ಗೋಡೆಗೆ ಹೋಯಿತು, ಇನ್ನೊಂದು ಸಲ ಗೂಟವನ್ನೇ ಕಿತ್ತಿತು.

"ತಿರುವಿನಾಗ ಹಗುರ ಬಿಡು!"

ಬೇವಿನ ಗಿಡದ ಕೆಳಗೆ ಅಣ್ಣಾರಾಯ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು.

"ಎತ್ತಿಗಿ ಹೆಂಗ ಬಿಡ್ತೇವಿ ಹಂಗ ಬಿಡು. ಮೊದಲ ಹಗ್ಗ ಸಡ್ಲ, ಆಮ್ಯಾಲ ಮೈ ತಿರುವು. ಹಾಂ... ಹಾಂ, ಹಂಗ!"

ಮಷೀನು ಚಂದಾಗಿ ತಿರುಗಿತು. ಅಂಬುಬಾಯಿ ಮುಂದಿನ ಸಾಲಿಗೆ ಹೋದಳು. ತಿರುಗಿ ಬರುವಾಗ ನೋಡುತ್ತಾಳೆ, ಗಂಡ ಅಂಗಿ ಕಳಚಿ ಬೇವಿನ ಕೊಂಬೆಗೆ ಹಾಕಿ, ಮೂಲೆಯಲ್ಲಿದ್ದ ಕೊಡತಿ ಎತ್ತಿಕೊಂಡು ಆಕೆಯ ಹಿಂದೆ ಹೆಂಟೆ ಒಡೆಯುತ್ತಿದ್ದಾನೆ. ಪಂಚಶೀಲಾ ವಿಡಿಯೋ ಮಾಡುವುದನ್ನು ಬಿಟ್ಟು ಮೊಬೈಲ್ ಸೊಂಟಕ್ಕೆ ಸಿಕ್ಕಿಸಿದಳು.

ಮಧ್ಯಾಹ್ನ ಮೂವರೂ ಬೇವಿನ ನೆರಳಲ್ಲಿ ಕೂತು ಉಂಡರು. ಅಣ್ಣಾರಾಯ ನಾಲ್ಕು ರೊಟ್ಟಿ ತಿಂದ, ಮೇಲೆ ಶೇಂಗಾ ಹಿಂಡಿ ಕೇಳಿದ.

"ಮತ್ತ ಯಾವ್ಯಾವುದರ ಕೆಳಗ ಇಟ್ಟೀದಿ, ಹಂಚಿನ ಚೂರು?" ಅಂದ, ತಟ್ಟೆ ನೋಡುತ್ತಲೇ.

"ಟೀವಿ ಕೆಳಗೂ ಅದ್ರಿ," ಅಂದಳು ಅಂಬುಬಾಯಿ.

"ಅದಕ್ಕ ಅಂತೇನಿ, ಟೀವಿ ಮಾತ್ರ ಯಾಕ ಸೊಟ್ಟ ಕಾಣಾಕತ್ತದ ಅಂತ! ಉಳದದ್ದೆಲ್ಲಾ ನನ್ನ ಕಣ್ಣಿಗಿ ನೆಟ್ಟಗ ಇತ್ತು, ಅದೊಂದೇ ನೀ ಕೆಡಸೀದಿ."

ಅಂಬುಬಾಯಿ ನಕ್ಕಳು, ಅವನ ಮುಂದೆಯೇ ನಕ್ಕಳು. ಅವನಿಗೆ ನಗು ಬರಲಿಲ್ಲ, ಆದರೆ ಸಿಟ್ಟೂ ಬರಲಿಲ್ಲ.

ಆಮೇಲಿನ ವಾರವೆಲ್ಲ ಕೆಲಸ. ಕೊರಡು ಎಳೆದರು, ಮೇಲೆ ಸಣ್ಣ ಕಲ್ಲಿನ ಗರಸು ಮಣ್ಣು ಹರಡಿದರು, ನೀರು ಹೊಡೆದರು, ನೀರು ತುಂಬಿದ ಡ್ರಮ್ಮು ಉರುಳಿಸಿ ಕೂರಿಸಿದರು. ಅಣ್ಣಾರಾಯ ದಿನಕ್ಕೆ ಹತ್ತು ಸಲ ಸೊಸೆಯ ಪೈಪು ತಾನೇ ಹಿಡಿದು ನೋಡುತ್ತಿದ್ದ, ಆಕೆ ಇಲ್ಲದ ಹೊತ್ತಿನಲ್ಲಿ. ಪಂಚಶೀಲಾ ನೋಡಿದರೂ ನೋಡದಂತೆ ಇದ್ದಳು. ಓಣಿಯ ಹೆಣ್ಣುಮಕ್ಕಳು ಬಂದು, "ಅಂಬುಬಾಯಕ್ಕ, ಮಷೀನು ನೀನೇ ಹೊಡದಿ ಅಂತಲ್ಲ, ಖರೇನಾ?" ಅಂತ ಕೇಳುವರು. ಪಂಚಶೀಲಾ ಮೊಬೈಲ್ ತೆಗೆದು ತೋರಿಸುವಳು. ಅಂಬುಬಾಯಿ ಬೇಡ ಬೇಡ ಅನ್ನುತ್ತಲೇ ಪಕ್ಕದಲ್ಲಿ ನಿಂತು ತಾನೂ ನೋಡುವಳು.

ಹೇಳಿದ ದಿನಕ್ಕೆ ಸರಿಯಾಗಿ ಶರಣಕುಮಾರ ಬಂದರು. ಐವತ್ತರ ಮನುಷ್ಯ, ಬಿಳಿ ಅಂಗಿ, ಕಣ್ಣು ಚುರುಕು. ಸತೀಶ ರಜೆ ಹಾಕಿ ಬಂದಿದ್ದ, ಪಲ್ಲವಿ ಅಫಜಲಪುರದಿಂದ ಬಂದು ಬಾಗಿಲ ಹಿಂದೆ ನಿಂತಿದ್ದಳು. ಶರಣಕುಮಾರರು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದರು, ಹಿಮ್ಮಡಿಯಿಂದ ಒತ್ತಿ ನೋಡಿದರು. ಆಮೇಲೆ ರಸ್ತೆಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ಮನೆಯನ್ನೂ ಅಂಗಳವನ್ನೂ ಒಟ್ಟಿಗೆ ನೋಡಿದರು.

"ನೆಲ ಗಟ್ಟಿ ಮಾಡೀರಿ, ಖುಷಿ ಆತು. ಆದ್ರ ಡೊಂಕಾಗ್ಯಾದಲ್ರಿ?" ಅಂದರು. "ತಲಬಾಗಲ ಹತ್ರ ಪಾಯ ಗೇಣು ಕಾಣ್ತದ, ಆ ಮೂಲಿಗಿ ನಾಕು ಬೊಟ್ಟು ಕಡಿಮಿ. ಅಂಗಳ ಆ ಕಡಿ ಏರ್ಯಾದ. ನೀರು ಎಲ್ಲಿ ಹೋಗ್ತದೋ, ಮಂದಿ ಹೆಂಗ ಕೂಡ್ತಾರೋ... ಹಾಲೇ ಚಲೋ ಅನಸ್ತದ ನನಗ."

ಸತೀಶ ಅಪ್ಪನ ಮುಖ ನೋಡಲಾರದೆ ಗಡಿಯಾರ ನೋಡಿದ. ಪಂಚಶೀಲಾ ಬಾಯಿ ತೆರೆದಳು. ಅಂಬುಬಾಯಿ ಸೊಸೆಯ ಕೈ ಹಿಡಿದು ಒತ್ತಿದಳು. ಬೀಗರ ಮುಂದೆ, ಊರ ಮುಂದೆ, ಗಂಡ ಕಟ್ಟಿದ ಮನೆಯ ಮಾತು ಅವನ ಬಾಯಿಂದಲ್ಲದೆ ಬೇರೆ ಬಾಯಿಂದ ಬರುವುದು ಆಕೆಗೆ ಬೇಡವಾಗಿತ್ತು. ಅವನು ಆಡದಿದ್ದರೆ ಲಗ್ನ ಹಾಲಿಗೇ ಹೋಗಲಿ ಅಂದುಕೊಂಡಳು.

ಅಣ್ಣಾರಾಯ ಟವೆಲ್ ತೆಗೆದು ಹೆಗಲ ಮೇಲೆ ಕೊಡವಿ ಹಾಕಿದ.

"ಬೀಗರ, ಅಂಗಳ ಡೊಂಕಿಲ್ಲ. ಮನಿ ಡೊಂಕದ," ಅಂದ. ಓಣಿಗೆಲ್ಲ ಕೇಳುವಂತೆ ಅಂದ. "ಮನಿ ಕಟ್ಟಿದವ ನಾನು. ಅಂಗಳ ಮಾಡಿದಾಕಿ ಇಕಿ, ನನ್ನ ಹೇಣ್ತಿ. ಮಷೀನು ಇಕೀನೇ ಹೊಡದಾಳ, ಮಟ್ಟ ನನ್ನ ಸೊಸಿ ಹಿಡದಾಳ. ಬೇಕಾದ್ರ ಹತ್ತು ಕೊಡ ನೀರು ಸುರುವ್ರಿ. ಒಂದು ಹನಿ ನನ್ನ ಮನಿ ಕಡೀಗಿ ಬಂದ್ರ, ಲಗ್ನ ನೀವು ಹೇಳಿದಲ್ಲಿ."

ಪಲ್ಲವಿಯೇ ಹೊರಗೆ ಬಂದು ಕೊಡ ಎತ್ತಿ ಸುರಿದಳು. ನೀರು ಗರಸಿನ ಮೇಲೆ ತೆಳ್ಳಗೆ ಹರಡಿತು, ಅವಸರವಿಲ್ಲದೆ ರಸ್ತೆಯ ಕಡೆಗೆ ಹೋಯಿತು.

ಶರಣಕುಮಾರರು ಆ ನೀರನ್ನು ನೋಡಿದರು, ಅಂಬುಬಾಯಿಯನ್ನು ನೋಡಿದರು. ಆಮೇಲೆ ಚಪ್ಪಲಿ ಕಳೆದು, ಬಿಳಿ ಧೋತರದ ಯೋಚನೆ ಮಾಡದೆ, ಅಂಗಳದ ನಡುವೆ ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಅಂಬುಬಾಯಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಇಪ್ಪತ್ತಮೂರು ವರ್ಷ ತಡೆದಿಟ್ಟ ದನಿಯಲ್ಲಿ ಕೂಗಿದಳು:

"ಪಂಚಶೀಲಾ, ಜಲ್ದಿ ಒಲಿ ಮ್ಯಾಲ ಹಂಚು ಇಡು! ಬೀಗರು ನಮ್ಮ ಅಂಗಳದಾಗ ಕೂತಾರ!"